ರಕ್ತ ಕಡಿಮೆ, ಫೆರಿಟಿನ್ ಹೆಚ್ಚು: ಹೆಪಟೈಟಿಸ್ ಇದ್ದವರ ಕಬ್ಬಿಣದ ಲೆಕ್ಕ ಎಲ್ಲಿ ತಪ್ಪುತ್ತದೆ?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಆರೋಗ್ಯದ ಎರಡು ಸುದ್ದಿಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಒಂದು ರಕ್ತಹೀನತೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಸುಮಾರು ಶೇ 48 ಮಂದಿಗೆ ರಕ್ತ ಕಡಿಮೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಶೇ 65ರ ಆಸುಪಾಸು. ಆದ್ದರಿಂದ ಶಾಲೆ, ಅಂಗನವಾಡಿ, ಉಪಕೇಂದ್ರ ಎಲ್ಲೆಡೆ ಕಬ್ಬಿಣದ ಗುಳಿಗೆ ಕೊಡಲಾಗುತ್ತದೆ. ಇನ್ನೊಂದು ಹೆಪಟೈಟಿಸ್, ಅಂದರೆ ಲಿವರ್ ಉರಿಯೂತದ ಸುದ್ದಿ. ಪ್ರತಿ ವರ್ಷ ಜುಲೈ 28ರ ವಿಶ್ವ ಹೆಪಟೈಟಿಸ್ ದಿನದ ಸುತ್ತಮುತ್ತ ತಪಾಸಣೆ, ಜಾಗೃತಿ, ಲಸಿಕೆಯ ಮಾತು ಬರುತ್ತದೆ. ಜೊತೆಗೆ 'ಲಿವರ್ ರೋಗಿಗಳಿಗೆ ಕಬ್ಬಿಣ ಒಳ್ಳೆಯದಲ್ಲ' ಎಂಬ ಸಲಹೆಯೂ ಹರಿದಾಡುತ್ತದೆ.

ಈ ಎರಡೂ ಮಾತು ಒಬ್ಬರ ಮೇಲೇ ಬಂದು ಬೀಳುವುದು ಅಪರೂಪವಲ್ಲ. ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 9 ಎಂದು ಬರೆದಿರುತ್ತದೆ, ಅದರ ಕೆಳಗೇ ಹೆಪಟೈಟಿಸ್ ಬಿ ಪಾಸಿಟಿವ್ ಎಂದೂ ಇರುತ್ತದೆ. ಆಕೆ ಗುಳಿಗೆ ನುಂಗಬೇಕೋ ಬಿಡಬೇಕೋ? ಹೆಪಟೈಟಿಸ್ ಸಿ ಇರುವ ಗಂಡಸಿಗೆ ಸುಸ್ತು, ರಕ್ತವೂ ಸ್ವಲ್ಪ ಕಡಿಮೆ. ಆದರೆ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ 600 ದಾಟಿದೆ. ಆತನ ಮೈಯಲ್ಲಿ ಕಬ್ಬಿಣ ಕಡಿಮೆಯೋ ಹೆಚ್ಚೋ?

ಉತ್ತರ ಸಿಗಬೇಕಾದರೆ, ಹೆಪಟೈಟಿಸ್ ವೈರಸ್ಸುಗಳು ಕೆಡಿಸುವುದು ಮುಖ್ಯವಾಗಿ ಕಬ್ಬಿಣದ ಹಂಚಿಕೆಯನ್ನು ಎಂಬುದನ್ನು ಮೊದಲು ಅರಿಯಬೇಕು. ಒಟ್ಟು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿ ಸೇರಿಕೊಂಡಿದೆ ಎನ್ನುವುದೇ ಇಲ್ಲಿ ಹೆಚ್ಚಿನ ಪ್ರಶ್ನೆ. ರಕ್ತದಲ್ಲಿ ಕೊರತೆ, ಲಿವರ್‌ನಲ್ಲಿ ರಾಶಿ, ಎರಡೂ ಒಂದೇ ಮೈಯಲ್ಲಿ ಇರಬಲ್ಲವು.

ಒಳಗೆ ಬಂದದ್ದು ಹೊರಗೆ ಹೋಗದು

ವಯಸ್ಕರ ದೇಹದಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ. ಅದರಲ್ಲಿ ಮೂರನೇ ಎರಡು ಭಾಗ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿದೆ. ಉಳಿದದ್ದರಲ್ಲಿ ದೊಡ್ಡ ಪಾಲು ಲಿವರ್‌ನಲ್ಲಿ ಫೆರಿಟಿನ್ ಎಂಬ ಪ್ರೊಟೀನಿನೊಳಗೆ ಕೂಡಿಟ್ಟಿರುತ್ತದೆ. ಹೊಸ ರಕ್ತಕಣ ಮಾಡಲು ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಇದು ಬಹುತೇಕ ಊಟದಿಂದ ಬರುವುದಿಲ್ಲ. ಹಳೆಯ ರಕ್ತಕಣಗಳನ್ನು ಗುಲ್ಮ ಮತ್ತು ಲಿವರ್‌ನ ಭಕ್ಷಕ ಕೋಶಗಳು ಒಡೆದು, ಅದರ ಕಬ್ಬಿಣವನ್ನು ಮತ್ತೆ ಬಳಕೆಗೆ ಬಿಡುತ್ತವೆ. ಊಟದಿಂದ ದಿನಕ್ಕೆ ರಕ್ತಕ್ಕೆ ಸೇರುವುದು 1ರಿಂದ 2 ಮಿಲಿಗ್ರಾಂ ಅಷ್ಟೇ.

ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ನಮ್ಮ ದೇಹಕ್ಕಿಲ್ಲ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ, ಕಬ್ಬಿಣ ಹಾಗೆ ಹೋಗುವುದಿಲ್ಲ. ಉದುರುವ ಚರ್ಮ, ಕರುಳಿನ ಒಳಪದರ, ಮುಟ್ಟಿನ ರಕ್ತ, ಗಾಯದ ರಕ್ತ, ಇಷ್ಟರಲ್ಲೇ ಒಂದಿಷ್ಟು ಕಳೆಯುತ್ತದೆ. ಹಾಗಾಗಿ ದೇಹ ಹಿಡಿತವನ್ನೆಲ್ಲ ಒಳಬರುವ ಕಡೆಯಲ್ಲೇ ಇಟ್ಟುಕೊಂಡಿದೆ. ಆ ಹಿಡಿತ ನಡೆಸುವುದು ಲಿವರ್.

ಲಿವರ್ ಕೋಶಗಳು ಹೆಪ್ಸಿಡಿನ್ ಎಂಬ ಹಾರ್ಮೋನು ಸ್ರವಿಸುತ್ತವೆ. 25 ಅಮೈನೋ ಆಮ್ಲಗಳ ಚಿಕ್ಕ ಸರಪಳಿ ಇದು. 2000–01ರಲ್ಲಿ ಮೊದಲು ಗುರುತಿಸಿದಾಗ ರೋಗಾಣು ಕೊಲ್ಲುವ ವಸ್ತು ಎಂದೇ ಭಾವಿಸಿದ್ದರು. ಕಬ್ಬಿಣದ ಯಜಮಾನಿಕೆ ಇದರದ್ದೇ ಎಂದು ಗೊತ್ತಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಕರುಳಿನ ಕೋಶ, ಭಕ್ಷಕ ಕೋಶ, ಲಿವರ್ ಕೋಶ ಈ ಮೂರರ ಮೈಮೇಲೆ ಫೆರೋಪೋರ್ಟಿನ್ ಎಂಬ ಪ್ರೊಟೀನ್ ಇದೆ. ಕೋಶದಿಂದ ರಕ್ತಕ್ಕೆ ಕಬ್ಬಿಣ ಬರಲು ಇರುವ ದಾರಿ ಇದೊಂದೇ, ಊರಿಗೆ ಒಂದೇ ಅಗಸಿ ಇದ್ದ ಹಾಗೆ. ಹೆಪ್ಸಿಡಿನ್ ಬಂದು ಫೆರೋಪೋರ್ಟಿನ್‌ಗೆ ಅಂಟಿಕೊಂಡರೆ ಕೋಶವು ಆ ಪ್ರೊಟೀನನ್ನು ಒಳಗೆಳೆದು ನಾಶ ಮಾಡುತ್ತದೆ. ಇದು 2004ರಲ್ಲಿ ಸ್ಪಷ್ಟವಾಯಿತು. ಹೆಪ್ಸಿಡಿನ್ ಹೆಚ್ಚಿದರೆ ದಾರಿ ಮುಚ್ಚಿ ಕಬ್ಬಿಣ ಕೋಶದೊಳಗೇ ಉಳಿಯುತ್ತದೆ. ಕಡಿಮೆಯಾದರೆ ಕರುಳು ಬೇಕಾದ್ದಕ್ಕಿಂತ ಹೆಚ್ಚು ಕಬ್ಬಿಣ ಹೀರಿ ರಕ್ತಕ್ಕೆ ಬಿಡುತ್ತದೆ.

ಹೆಪ್ಸಿಡಿನ್‌ಗೆ ಮೂರು ಕಡೆಯಿಂದ ಸೂಚನೆ ಬರುತ್ತದೆ. ದೇಹದಲ್ಲಿ ಕಬ್ಬಿಣ ಹೆಚ್ಚಿದರೆ ಲಿವರ್‌ನ ರಕ್ತನಾಳಗಳ ಒಳಪದರ ಬಿಎಂಪಿ6 ಎಂಬ ಸಂಕೇತ ಕಳಿಸುತ್ತದೆ, ಹೆಪ್ಸಿಡಿನ್ ಏರುತ್ತದೆ. ಸೋಂಕು, ಉರಿಯೂತ ಬಂದರೆ ಐಎಲ್-6 ಎಂಬ ವಸ್ತು ಅದನ್ನು ಏರಿಸುತ್ತದೆ. ರಕ್ತ ನಷ್ಟವಾಗಿ ಮೂಳೆಮಜ್ಜೆ ಹೊಸ ಕಣ ಮಾಡುವ ಅವಸರದಲ್ಲಿದ್ದರೆ ಎರಿತ್ರೋಫೆರೋನ್ ಎಂಬ ಹಾರ್ಮೋನು ಇಳಿಸುತ್ತದೆ. ಈ ಸೂಚನೆಗಳನ್ನೆಲ್ಲ ಓದಿ ಹೆಪ್ಸಿಡಿನ್ ತಯಾರಿಸುವುದು ಲಿವರ್ ಕೋಶ. ಹೆಪಟೈಟಿಸ್ ವೈರಸ್ ಮನೆ ಮಾಡಿಕೊಳ್ಳುವುದೂ ಅದೇ ಕೋಶದಲ್ಲಿ.

ಸಿ ವೈರಸ್: ಏರಬೇಕಾದದ್ದು ಇಳಿಯುವುದೇಕೆ?

ಸೋಂಕು ಬಂದರೆ ಹೆಪ್ಸಿಡಿನ್ ಏರಬೇಕು ಎಂಬುದು ಸಾಮಾನ್ಯ ನಿಯಮ. ಬಹಳಷ್ಟು ರೋಗಾಣುಗಳಿಗೆ ಬೆಳೆಯಲು ಕಬ್ಬಿಣ ಬೇಕು, ಅದನ್ನು ಸಿಗದಂತೆ ಬಚ್ಚಿಡುವುದು ದೇಹದ ರಕ್ಷಣಾಕ್ರಮ. ದೀರ್ಘಕಾಲದ ಹೆಪಟೈಟಿಸ್ ಸಿ ಈ ನಿಯಮ ಮೀರುತ್ತದೆ. ಈ ರೋಗಿಗಳಲ್ಲಿ ಫೆರಿಟಿನ್‌ಗೆ ಹೋಲಿಸಿದರೆ ಹೆಪ್ಸಿಡಿನ್ ಇರಬೇಕಾದ್ದಕ್ಕಿಂತ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಕಾರಣ ಕೋಶದೊಳಗಿದೆ. ಸಿ ವೈರಸ್ಸಿನ ಪ್ರೊಟೀನುಗಳು ಲಿವರ್ ಕೋಶದ ಮೈಟೋಕಾಂಡ್ರಿಯಾಗಳನ್ನು ಕೆಣಕಿ, ಚುರುಕಾಗಿ ಪ್ರತಿಕ್ರಿಯಿಸುವ ಆಮ್ಲಜನಕ ಕಣಗಳನ್ನು ಹುಟ್ಟಿಸುತ್ತವೆ. ಹೆಪ್ಸಿಡಿನ್ ಜೀನನ್ನು ಚಾಲೂ ಮಾಡಲು ಸಿ/ಇಬಿಪಿ-ಆಲ್ಫಾ ಎಂಬ ಪ್ರೊಟೀನು ಆ ಜೀನಿಗೆ ಅಂಟಿಕೊಳ್ಳಬೇಕು. ಈ ಆಮ್ಲಜನಕ ಕಣಗಳ ಒತ್ತಡದಲ್ಲಿ ಆ ಅಂಟು ಸಡಿಲವಾಗುತ್ತದೆ. ಉರಿಯೂತ 'ಏರಿಸು' ಎನ್ನುತ್ತಿರುತ್ತದೆ, ವೈರಸ್ಸಿನ ಒತ್ತಡ ಜೀನನ್ನೇ ಅಡಗಿಸುತ್ತದೆ. ನಂತರದ್ದು ಸರಪಳಿ: ಹೆಪ್ಸಿಡಿನ್ ಇಳಿಯಿತು, ಕರುಳಿನ ಫೆರೋಪೋರ್ಟಿನ್ ತೆರೆದೇ ಉಳಿಯಿತು, ಊಟದ ಕಬ್ಬಿಣ ಹೆಚ್ಚು ಹೀರಲ್ಪಟ್ಟಿತು, ಹೊರದಾರಿ ಇಲ್ಲದ್ದರಿಂದ ಲಿವರ್‌ನಲ್ಲಿ ಕೂತಿತು.

ಕೂತ ಕಬ್ಬಿಣ ಸುಮ್ಮನಿರುವುದಿಲ್ಲ. ಫೆರಿಟಿನ್‌ನಿಂದ ಬಿಡಿಯಾದ ಕಬ್ಬಿಣ, ಕೋಶದಲ್ಲಿ ಸಹಜವಾಗಿಯೇ ಇರುವ ಹೈಡ್ರೋಜನ್ ಪೆರಾಕ್ಸೈಡಿನ ಜೊತೆ ಸೇರಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಇದು ಕೋಶಪೊರೆಯ ಕೊಬ್ಬನ್ನೂ ಡಿಎನ್‌ಎಯನ್ನೂ ಸುಡುತ್ತದೆ. ಗಾಯಗೊಂಡ ಲಿವರ್‌ನಲ್ಲಿ ಸ್ಟೆಲೇಟ್ ಕೋಶಗಳು ಎಚ್ಚೆತ್ತು ನಾರು ಕಟ್ಟತೊಡಗುತ್ತವೆ. ನಾರು ಹೆಚ್ಚಾದರೆ ಸಿರೋಸಿಸ್, ಅದರ ಹಿಂದೆ ಲಿವರ್ ಕ್ಯಾನ್ಸರಿನ ಅಪಾಯ. ಕಬ್ಬಿಣದಿಂದ ಆಮ್ಲಜನಕ ಕಣಗಳ ಒತ್ತಡ ಹೆಚ್ಚುತ್ತದೆ, ಒತ್ತಡದಿಂದ ಹೆಪ್ಸಿಡಿನ್ ಇನ್ನಷ್ಟು ಕುಗ್ಗುತ್ತದೆ.

ಸಾರಾಯಿ, ಸೇಂದಿ, ಬ್ರಾಂದಿ ಯಾವುದೇ ಇರಲಿ, ಮದ್ಯವೂ ಹೆಪ್ಸಿಡಿನನ್ನು ಹೀಗೆಯೇ ಕುಗ್ಗಿಸುತ್ತದೆ. ಸಿ ವೈರಸ್ ಇದ್ದು ಕುಡಿಯುವವರ ಲಿವರ್ ಬೇಗ ಕೆಡುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು. ಕಬ್ಬಿಣದ ಗುಳಿಗೆಗೆ ಹೆದರುವ ರೋಗಿ ಅದಕ್ಕಿಂತ ಮೊದಲು ಹೆದರಬೇಕಾದದ್ದು ಕುಡಿತಕ್ಕೆ.

ಬಿ ವೈರಸ್ಸಿನ ಚಿತ್ರ ಬೇರೆ

'ಹೆಪಟೈಟಿಸ್' ಎಂಬ ಒಂದೇ ಹೆಸರಿನಡಿ ಬೇರೆಬೇರೆ ಕುಲದ ವೈರಸ್ಸುಗಳಿವೆ. ಸಿ ಬಗ್ಗೆ ಹೇಳಿದ್ದನ್ನು ಬಿ ಮೇಲೆ ಹೊರಿಸುವಂತಿಲ್ಲ. ಸೋಂಕು ತಗುಲಿದ ಮೊದಲ ದಿನಗಳ ರಕ್ತವನ್ನು ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಚ್‌ಐವಿ ತಗುಲಿದವರಲ್ಲಿ ಹೆಪ್ಸಿಡಿನ್ ಏರಿದ್ದು ಕಂಡಿತು. ಬಿ ಮತ್ತು ಸಿ ತಗುಲಿದವರಲ್ಲಿ ಆ ಏರಿಕೆ ಇರಲಿಲ್ಲ. ದೀರ್ಘಕಾಲದ ಹೆಪಟೈಟಿಸ್ ಬಿಯಲ್ಲಿ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ: ಕೆಲವು ಕಡೆ ಹೆಪ್ಸಿಡಿನ್ ಹೆಚ್ಚು, ಕೆಲವು ಕಡೆ ಕಡಿಮೆ. ರೋಗದ ಹಂತ ಇದಕ್ಕೆ ಬಹುಮಟ್ಟಿಗೆ ಕಾರಣ. ಉರಿಯೂತ ಜೋರಾಗಿದ್ದಾಗ ಏರುತ್ತದೆ. ಸಿರೋಸಿಸ್ ಬಂದ ಮೇಲೆ ಹೆಪ್ಸಿಡಿನ್ ತಯಾರಿಸುವ ಕೋಶಗಳೇ ಕಡಿಮೆಯಾಗಿ ಇಳಿಯುತ್ತದೆ.

ಬಿ ವೈರಸ್ಸಿಗೂ ಕಬ್ಬಿಣಕ್ಕೂ ನಂಟಿದೆ ಎಂಬ ಅನುಮಾನ ಹಳೆಯದು. ಬಿ ವೈರಸ್ಸಿನ ಶೋಧಕ್ಕಾಗಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ (ಜುಲೈ 28 ಅವರ ಜನ್ಮದಿನ) ಮತ್ತು ಸಂಗಡಿಗರು 1981ರಲ್ಲೇ ಡಯಾಲಿಸಿಸ್ ರೋಗಿಗಳ ರಕ್ತದ ಕಬ್ಬಿಣವನ್ನು ಅಳೆದು ಇದನ್ನು ಚರ್ಚಿಸಿದ್ದರು. ಸೋಂಕು ವಾಸಿಯಾಗದೆ ಉಳಿದುಕೊಂಡವರಲ್ಲಿ ಕಬ್ಬಿಣದ ಮಟ್ಟ ಹೆಚ್ಚಿತ್ತು. ಹೆಚ್ಚಿದ ಕಬ್ಬಿಣದಿಂದ ಸೋಂಕು ಉಳಿಯಿತೋ, ಉಳಿದ ಸೋಂಕಿನಿಂದ ಕಬ್ಬಿಣ ಹೆಚ್ಚಿತೋ ಎಂಬ ವಾದ ಇನ್ನೂ ಮುಗಿದಿಲ್ಲ.

ಕಲುಷಿತ ನೀರಿನಿಂದ ಬರುವ ಎ ಮತ್ತು ಇ, ನಮ್ಮ ಕಡೆ ಕಾಮಣಿ ಎಂದು ಹೆಸರಾದವು, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆ ವಾರಗಳಲ್ಲಿ ಲಿವರ್ ಕೋಶಗಳು ಒಡೆದು ಒಳಗಿನ ಫೆರಿಟಿನ್ ರಕ್ತಕ್ಕೆ ಸುರಿಯುತ್ತದೆ. ರಿಪೋರ್ಟಿನಲ್ಲಿ ಸಾವಿರಗಟ್ಟಲೆ ಕಂಡರೂ ಆಶ್ಚರ್ಯವಿಲ್ಲ. ಅದು ಕೋಶ ಒಡೆದದ್ದರ ಗುರುತು, ಕಬ್ಬಿಣ ತುಂಬಿದ್ದರ ಗುರುತಾಗಿ ಓದಬಾರದು. ಕಾಮಣಿ ಇಳಿದು, ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಸಹಜಕ್ಕೆ ಬಂದ ಮೇಲೆ ಅಳೆದ ಫೆರಿಟಿನ್‌ಗೇ ಬೆಲೆ.

ಇಲ್ಲೊಂದು ಮಾತು ಸೇರಿಸಬೇಕು. ಕಾಮಣಿಗೆ ಹಳ್ಳಿಮದ್ದು ಪಡೆಯುವವರು ಬಹಳ. ಪಾಂಡುರೋಗ ಮತ್ತು ಕಾಮಾಲೆಗೆ ಆಯುರ್ವೇದದಲ್ಲಿ ಬಳಸುವ ಮಂಡೂರ ಭಸ್ಮ, ಪುನರ್ನವ ಮಂಡೂರ, ಲೋಹ ಭಸ್ಮ ಇವು ಕಬ್ಬಿಣದಿಂದಲೇ ತಯಾರಾದವು. ದವಾಖಾನೆಗೆ ಹೋದಾಗ 'ಬೇರೆ ಏನಾದರೂ ಔಷಧ ತಗೋತೀರಾ' ಎಂದು ಕೇಳಿದರೆ ಇವನ್ನು ಬಿಡದೆ ಹೇಳಬೇಕು. ಹೇಳದಿದ್ದರೆ ಏರಿದ ಕಬ್ಬಿಣದ ಮೂಲ ಹುಡುಕುವ ವೈದ್ಯರು ದಾರಿ ತಪ್ಪುತ್ತಾರೆ.

ಒಂದೇ ಫೆರಿಟಿನ್, ಎರಡು ಅರ್ಥ

ಉದಾಹರಣೆಗೆ ಎರಡು ರಿಪೋರ್ಟು ಅಕ್ಕಪಕ್ಕ ಇಟ್ಟು ನೋಡೋಣ. ಇಬ್ಬರಿಗೂ ಹೆಪಟೈಟಿಸ್ ಸಿ, ಇಬ್ಬರ ಫೆರಿಟಿನ್ 640.

ಮೊದಲನೆಯವರ ಹಿಮೋಗ್ಲೋಬಿನ್ 9.2, ಸೀರಮ್ ಐರನ್ (ರಕ್ತದಲ್ಲಿ ಓಡಾಡುವ ಕಬ್ಬಿಣ) 38, ಟಿಐಬಿಸಿ (ಕಬ್ಬಿಣ ಹೊರಲು ರಕ್ತಕ್ಕಿರುವ ಒಟ್ಟು ಸಾಮರ್ಥ್ಯ) 230, ಉರಿಯೂತ ತೋರಿಸುವ ಸಿಆರ್‌ಪಿ 48. ಸೀರಮ್ ಐರನನ್ನು ಟಿಐಬಿಸಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ, ರಕ್ತದಲ್ಲಿ ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್ ಪ್ರೊಟೀನು ಎಷ್ಟು ತುಂಬಿದೆ ಎಂದು ಹೇಳುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಸಿಗುತ್ತದೆ: ಇಲ್ಲಿ ಶೇ 16.5. ಸಹಜವಾಗಿ ಇದು ಶೇ 20ರಿಂದ 45 ಇರಬೇಕು. ಅಂದರೆ ಉಗ್ರಾಣದಲ್ಲಿ ಕಬ್ಬಿಣ ಇದ್ದಂತೆ ಕಾಣುತ್ತದೆ, ಮೂಳೆಮಜ್ಜೆಗೆ ತಲುಪುತ್ತಿಲ್ಲ. ಯಾವುದೋ ಉರಿಯೂತ ಹೆಪ್ಸಿಡಿನ್ ಏರಿಸಿ ದಾರಿ ಮುಚ್ಚಿದೆ. ಇವರಿಗೆ ಗುಳಿಗೆ ಕೊಟ್ಟರೆ ಕರುಳು ಹೀರುವುದಿಲ್ಲ, ಹೊಟ್ಟೆ ಕೆಡುತ್ತದೆ. ಮೊದಲು ಹುಡುಕಬೇಕಾದದ್ದು ಅಡಗಿರುವ ಸೋಂಕು: ಕ್ಷಯ, ಮೂತ್ರದ ಸೋಂಕು, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಆ ನೀರಿನ ಸೋಂಕು.

ಎರಡನೆಯವರ ಹಿಮೋಗ್ಲೋಬಿನ್ 13.4, ಸೀರಮ್ ಐರನ್ 168, ಟಿಐಬಿಸಿ 270, ಸಿಆರ್‌ಪಿ 3. ಸ್ಯಾಚುರೇಷನ್ ಶೇ 62. ಇಲ್ಲಿ ಉರಿಯೂತದ ನೆಪ ಹೇಳುವಂತಿಲ್ಲ. ಕಬ್ಬಿಣ ನಿಜಕ್ಕೂ ಹೆಚ್ಚಾಗಿ ಸೇರುತ್ತಿರುವ ಶಂಕೆ ಬಲವಾಗಿದೆ. ಲಿವರ್‌ನ ಕಬ್ಬಿಣ ಅಳೆಯುವ ಎಂಆರ್‌ಐ ಬೇಕೇ ಎಂದು ತಜ್ಞರು ನಿರ್ಧರಿಸಬೇಕು. ಇವರು ಸುಸ್ತಿಗೆಂದು ಮೆಡಿಕಲ್ ಅಂಗಡಿಯಿಂದ ಐರನ್ ಟಾನಿಕ್ ತಂದು ಕುಡಿಯುತ್ತಿದ್ದರೆ ಅಂದೇ ನಿಲ್ಲಿಸಬೇಕು.

ಸ್ಯಾಚುರೇಷನ್‌ಗೂ ಒಂದು ಮಿತಿಯಿದೆ. ಟ್ರಾನ್ಸ್‌ಫೆರಿನ್ ತಯಾರಾಗುವುದೂ ಲಿವರ್‌ನಲ್ಲೇ. ಸಿರೋಸಿಸ್ ಮುಂದುವರಿದವರಲ್ಲಿ ಟ್ರಾನ್ಸ್‌ಫೆರಿನ್ ಕುಸಿದು ಟಿಐಬಿಸಿ 150–180ಕ್ಕೆ ಇಳಿಯಬಹುದು. ಭಾಗಿಸುವ ಸಂಖ್ಯೆ ಚಿಕ್ಕದಾದಾಗ ಶೇಕಡಾವಾರು ತಾನಾಗಿ ಏರುತ್ತದೆ, ಕಬ್ಬಿಣ ಹೆಚ್ಚದಿದ್ದರೂ. ಆದ್ದರಿಂದ ಟಿಐಬಿಸಿ ಎಷ್ಟಿದೆ ಎಂದು ನೋಡದೆ ಸ್ಯಾಚುರೇಷನ್ ಒಂದನ್ನೇ ನಂಬಬಾರದು.

ಇದಕ್ಕೆ ಉಲ್ಟಾ ತಪ್ಪೂ ನಡೆಯುತ್ತದೆ. ಹೆಪಟೈಟಿಸ್ ಇರುವ ಮಹಿಳೆಯ ಫೆರಿಟಿನ್ 55 ಬಂದರೆ ಲ್ಯಾಬಿನ ಪಟ್ಟಿಯಲ್ಲಿ 'ನಾರ್ಮಲ್' ಎಂದಿರುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ಆರೋಗ್ಯವಂತ ವಯಸ್ಕರಿಗೆ ಕೊರತೆಯ ಗೆರೆ 15, ಸೋಂಕು ಅಥವಾ ಉರಿಯೂತ ಇದ್ದವರಿಗೆ 70. ಲೀಟರಿಗೆ ಮೈಕ್ರೋಗ್ರಾಂ ಲೆಕ್ಕ ಇದು. ರಿಪೋರ್ಟಿನಲ್ಲಿ ಮಿಲಿಲೀಟರಿಗೆ ನ್ಯಾನೋಗ್ರಾಂ ಎಂದಿದ್ದರೂ ಸಂಖ್ಯೆ ಅದೇ. ಉರಿಯೂತ ಇರುವ ಆ ಮಹಿಳೆಗೆ 55 ಎಂದರೆ ಕೊರತೆಯೇ.

ರಕ್ತ ಕೊಡುವ ಕ್ರಮವೂ ಫಲಿತಾಂಶ ಕೆಡಿಸಬಹುದು. ಸೀರಮ್ ಐರನ್ ದಿನದಲ್ಲೇ ಏರಿಳಿಯುತ್ತದೆ. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಹಿಂದಿನ 24 ಗಂಟೆ ಕಬ್ಬಿಣದ ಗುಳಿಗೆ ನುಂಗದೆ ಕೊಡುವುದು ಸರಿ. ಸಲೈನ್ ಮೂಲಕ ಕಬ್ಬಿಣ ಪಡೆದವರು ಫೆರಿಟಿನ್ ಅಳೆಸಲು ಕನಿಷ್ಠ ನಾಲ್ಕು ವಾರ ಕಾಯಬೇಕು.

ಹಾಗಾದರೆ ರಕ್ತ ಕಡಿಮೆಯಾದದ್ದು ಯಾಕೆ?

ಹೆಪಟೈಟಿಸ್ ರೋಗಿಯ ಹಿಮೋಗ್ಲೋಬಿನ್ ಇಳಿದರೆ ಕಬ್ಬಿಣದ ಕೊರತೆ ಎಂದು ಮೊದಲೇ ತೀರ್ಮಾನಿಸುವುದು ಅಪಾಯ. ಸಿರೋಸಿಸ್‌ನಲ್ಲಿ ಲಿವರ್ ಗಟ್ಟಿಯಾಗಿ ರಕ್ತ ಸಲೀಸಾಗಿ ಹರಿಯದೆ ಹಿಂದಕ್ಕೆ ಒತ್ತುತ್ತದೆ. ಗುಲ್ಮ ಊದಿಕೊಂಡು ರಕ್ತಕಣ, ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನ್ನನಾಳದ ಕೆಳತುದಿಯಲ್ಲಿ ರಕ್ತನಾಳಗಳು ಉಬ್ಬುತ್ತವೆ. ಅವು ಒಡೆದರೆ ಭಾರೀ ರಕ್ತಸ್ರಾವ. ಹೊಟ್ಟೆಯ ಒಳಪದರದಿಂದ ದಿನಾ ಹನಿಹನಿಯಾಗಿ ರಕ್ತ ಸೋರುವುದೂ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಸಿ ಚಿಕಿತ್ಸೆಯಲ್ಲಿ ರಿಬಾವಿರಿನ್ ಎಂಬ ಔಷಧ ಸೇರಿಸಿದ್ದರೆ ಅದು ಕೆಂಪು ಕಣಗಳನ್ನೇ ಒಡೆಯುತ್ತದೆ. ಮೊದಲ ಕೆಲವು ವಾರಗಳಲ್ಲಿ ಹಿಮೋಗ್ಲೋಬಿನ್ ಇಳಿಯುವುದು ಇದರಿಂದ, ಕಬ್ಬಿಣ ಕೊಟ್ಟರೆ ಪ್ರಯೋಜನವಿಲ್ಲ, ರಿಬಾವಿರಿನ್ ಪ್ರಮಾಣ ಬದಲಿಸಬೇಕಾಗುತ್ತದೆ. ಇವೆಲ್ಲದರ ಜೊತೆಗೆ ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಕೊಕ್ಕೆಹುಳ, ಹೆಂಗಸರಿಗೆ ಹೆಚ್ಚಿನ ಮುಟ್ಟು ಇದ್ದೇ ಇವೆ. ಇಲ್ಲಿ ಕೊರತೆ ನಿಜ, ಕಬ್ಬಿಣ ಬೇಕು.

ಸಿರೋಸಿಸ್ ಇದ್ದು ಕಬ್ಬಿಣದ ಗುಳಿಗೆ ನುಂಗುವವರು ಒಂದು ವಿಷಯ ನೆನಪಿಡಲೇಬೇಕು. ಕಬ್ಬಿಣ ತಗೊಂಡರೆ ಮಲ ಕಪ್ಪಾಗುತ್ತದೆ. ಹೊಟ್ಟೆಯೊಳಗೆ ರಕ್ತ ಸೋರಿದರೂ ಮಲ ಕಪ್ಪಾಗುತ್ತದೆ. ಗುಳಿಗೆಯದು ಹಸಿರು ಛಾಯೆಯ ಕಪ್ಪು, ಸಾಮಾನ್ಯ ಗಟ್ಟಿ. ರಕ್ತದ್ದು ಡಾಂಬರಿನಂತೆ ಹೊಳೆಯುವ, ಅಂಟಂಟಾದ, ಕೆಟ್ಟ ವಾಸನೆಯ ಕಪ್ಪು. ಅಂಥ ಮಲ ಕಂಡರೆ, ಅದರಲ್ಲೂ ತಲೆಸುತ್ತು, ಬೆವರು, ನಾಡಿ ವೇಗ ಇವು ಜೊತೆಗಿದ್ದರೆ, 'ಗುಳಿಗೆಯಿಂದ ಇರಬಹುದು' ಎಂದು ಮನೆಯಲ್ಲಿ ಕೂರದೆ ತಕ್ಷಣ ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೋಗಬೇಕು.

ರಕ್ತ ತೆಗೆಯಬೇಕೋ, ವೈರಸ್ ತೆಗೆಯಬೇಕೋ?

ಸಿ ರೋಗಿಗಳ ಲಿವರ್‌ನಲ್ಲಿ ಕೂತ ಕಬ್ಬಿಣಕ್ಕೆ ಏನು ಮಾಡಬೇಕೆಂಬುದರಲ್ಲಿ ವೈದ್ಯಲೋಕದಲ್ಲಿ ಎರಡು ನಿಲುವುಗಳಿದ್ದವು. ಹಿಂದಿನ ಇಂಟರ್‌ಫೆರಾನ್ ಚುಚ್ಚುಮದ್ದಿನ ಕಾಲದಲ್ಲಿ ವೈರಸ್ ಎಲ್ಲರಲ್ಲೂ ಹೋಗುತ್ತಿರಲಿಲ್ಲ. ಆಗ ಕೆಲವರು ಆಗಾಗ ರಕ್ತ ತೆಗೆದು ಕಬ್ಬಿಣ ಇಳಿಸುತ್ತಿದ್ದರು. ಒಮ್ಮೆ ಅರ್ಧ ಲೀಟರ್ ತೆಗೆದರೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಜಪಾನಿನಲ್ಲಿ ಈ ಪದ್ಧತಿ ಗಟ್ಟಿಯಾಗಿ ನಡೆಯಿತು, ಕಬ್ಬಿಣ ಕಡಿಮೆ ಇರುವ ಪಥ್ಯವನ್ನೂ ಜೊತೆಗಿಟ್ಟರು. ಎಸ್‌ಜಿಪಿಟಿ ಇಳಿಯುವುದು ಸ್ಪಷ್ಟವಾಗಿ ಕಂಡಿತು. ಆದರೆ ವೈರಸ್ ಅಲ್ಲೇ ಉಳಿದು ಹೆಪ್ಸಿಡಿನನ್ನು ಅಡಗಿಸುತ್ತಲೇ ಇದ್ದರೆ ತೆಗೆದ ಕಬ್ಬಿಣ ಮತ್ತೆ ತುಂಬುತ್ತದೆ ಎಂಬುದು ವಿರೋಧಿಸಿದವರ ವಾದ.

ನೇರವಾಗಿ ವೈರಸ್ಸಿನ ಮೇಲೆ ಕೆಲಸ ಮಾಡುವ ಗುಳಿಗೆಗಳು ಬಂದ ಮೇಲೆ ತಕ್ಕಡಿ ಎರಡನೇ ವಾದದ ಕಡೆ ವಾಲಿದೆ. ಸೊಫೊಸ್ಬುವಿರ್ ಜೊತೆ ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಸಾಮಾನ್ಯವಾಗಿ 12 ವಾರ ನುಂಗಿದರೆ ನೂರರಲ್ಲಿ ಸುಮಾರು 95 ಮಂದಿಯಲ್ಲಿ ವೈರಸ್ ಪೂರ್ತಿ ಹೋಗುತ್ತದೆ. ವೈರಸ್ ಹೋದವರಲ್ಲಿ ಹೆಪ್ಸಿಡಿನ್ ಮತ್ತೆ ಏರಿ ಫೆರಿಟಿನ್ ಇಳಿಯುವುದು ಕಂಡುಬಂದಿದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ಪರೀಕ್ಷೆ, ಔಷಧ ಎರಡೂ ಉಚಿತ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಈ ಕಾರ್ಯಕ್ರಮದ ಬಗ್ಗೆ ಹೆಸರು ಹೇಳಿಯೇ ವಿಚಾರಿಸಬೇಕು. ಔಷಧ ಉಚಿತವಾಗಿ ಸಿಗುವಾಗ ಬರೀ ಫೆರಿಟಿನ್ ಇಳಿಸುವ ದಾರಿ ಹುಡುಕುತ್ತ ತಿಂಗಳುಗಟ್ಟಲೆ ಕಳೆಯುವುದು ತಪ್ಪು. ಈ ವಿಷಯದಲ್ಲಿ ನಿಲುವು ಸ್ಪಷ್ಟವಿರಬೇಕು: ಮೊದಲು ವೈರಸ್, ಆಮೇಲೆ ಕಬ್ಬಿಣ.

ಕ್ರಮ ಹೀಗಿರುತ್ತದೆ. ಸಿ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂದರೆ ಅದು ಎಂದೋ ಸೋಂಕು ತಗುಲಿತ್ತು ಎಂದಷ್ಟೇ ಹೇಳುತ್ತದೆ. ಈಗ ವೈರಸ್ ಇದೆಯೇ ಎಂದು ತಿಳಿಯಲು ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ ಬೇಕು. ಗುಳಿಗೆ ಮುಗಿದ 12 ವಾರಗಳ ನಂತರ ಮತ್ತೆ ಆರ್‌ಎನ್‌ಎ ನೋಡಿ ವೈರಸ್ ಇಲ್ಲದಿದ್ದರೆ ವಾಸಿ. ಅದಾಗಿ ಮೂರರಿಂದ ಆರು ತಿಂಗಳಿಗೆ ಫೆರಿಟಿನ್, ಸ್ಯಾಚುರೇಷನ್ ಮತ್ತೆ ನೋಡಬೇಕು. ಆಗಲೂ ಏರಿಯೇ ಇದ್ದರೆ ಕುಡಿತ, ಕೊಬ್ಬಿನ ಲಿವರ್, ಸಕ್ಕರೆ ಕಾಯಿಲೆ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಥಲಸ್ಸೇಮಿಯಾ ಇವುಗಳ ಕಡೆ ತಿರುಗಬೇಕು. ಸಿರೋಸಿಸ್ ಬಂದಿದ್ದವರು ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನ್ ಬಿಡುವಂತಿಲ್ಲ.

ಎಲ್ಲರಿಗೂ ಗುಳಿಗೆ ಕೊಡುವುದು ಸರಿಯೇ?

ಪರೀಕ್ಷೆ ಮಾಡದೆ ಎಲ್ಲರಿಗೂ ಕಬ್ಬಿಣ ಕೊಡುವುದನ್ನು ಪ್ರಶ್ನಿಸುವವರಿದ್ದಾರೆ. ಪ್ರತಿಯೊಬ್ಬರಿಗೂ ಫೆರಿಟಿನ್ ಪರೀಕ್ಷೆ ಮಾಡಿಸುವಷ್ಟರಲ್ಲಿ ಗರ್ಭಿಣಿಯ ಹೆರಿಗೆಯೇ ಆಗಿಹೋಗುತ್ತದೆ ಎನ್ನುವವರೂ ಇದ್ದಾರೆ. ಎರಡರಲ್ಲೂ ಸತ್ಯವಿದೆ, ಆದರೆ ತೂಕ ಸಮನಲ್ಲ. ಗರ್ಭಿಣಿಗೆ ದಿನಕ್ಕೊಂದು ಗುಳಿಗೆಯಂತೆ 180 ದಿನ ಕೊಡುವ ಕಬ್ಬಿಣ 60 ಮಿಲಿಗ್ರಾಂ, ಜೊತೆಗೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಗರ್ಭದ ಅವಧಿಗೆ ಒಟ್ಟು ಹೆಚ್ಚುವರಿಯಾಗಿ ಸುಮಾರು 1 ಗ್ರಾಂ ಕಬ್ಬಿಣ ಬೇಕು. ರಕ್ತ ಕಡಿಮೆ ಇದ್ದು ಹೆರಿಗೆಯಲ್ಲಿ ರಕ್ತಸ್ರಾವವಾದರೆ ಜೀವಕ್ಕೇ ಅಪಾಯ. ಹೆಪಟೈಟಿಸ್ ಬಿ ಪಾಸಿಟಿವ್ ಎಂಬ ಒಂದೇ ಕಾರಣಕ್ಕೆ ಆಕೆ ಗುಳಿಗೆ ಬಿಡಬಾರದು. ಎಸ್‌ಜಿಪಿಟಿ ಬಹಳ ಏರಿದ್ದರೆ, ಕಣ್ಣು ಹಳದಿಯಾಗಿದ್ದರೆ ಮಾತ್ರ ವೈದ್ಯರನ್ನು ಕೇಳಿ ಮುಂದುವರಿಯಬೇಕು. ಕಬ್ಬಿಣಕ್ಕಿಂತ ತುರ್ತಾದ ಕೆಲಸ ಬೇರೆ ಇವೆ: ಎಚ್‌ಬಿವಿ ಡಿಎನ್‌ಎ ಎಷ್ಟಿದೆ ಎಂದು ನೋಡಿ, ಮಿಲಿಲೀಟರಿಗೆ 2 ಲಕ್ಷ ಯೂನಿಟ್ ಮೀರಿದ್ದರೆ ಸುಮಾರು 28ನೇ ವಾರದಿಂದ ವೈರಸ್ ತಗ್ಗಿಸುವ ಟೆನೊಫೊವಿರ್ ಗುಳಿಗೆ ಶುರು ಮಾಡುವುದು, ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ, ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯ) ಹಾಕಿಸುವುದು.

ಮುಟ್ಟಿಲ್ಲದ ಗಂಡಸಿನ ಮಾತು ಬೇರೆ. ದೀರ್ಘಕಾಲದ ಹೆಪಟೈಟಿಸ್ ಇದ್ದವರು ಪರೀಕ್ಷೆ ಇಲ್ಲದೆ ಕಬ್ಬಿಣ ತಗೊಳ್ಳಬಾರದು.

ಪಡಿತರದಲ್ಲಿ ಬರುವ ಕಬ್ಬಿಣ ಬೆರೆಸಿದ ಅಕ್ಕಿಯ ಬಗ್ಗೆ ಭಯ ಹೆಚ್ಚು, ಲೆಕ್ಕ ಕಡಿಮೆ. ನಿಗದಿಯಂತೆ ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ. ಒಬ್ಬರು ತಿಂಗಳಿಗೆ 5 ಕಿಲೋ ತಿಂದರೆ ದಿನಕ್ಕೆ 167 ಗ್ರಾಂ ಅಕ್ಕಿ, ಅದರಲ್ಲಿ ಸುಮಾರು 5ರಿಂದ 7 ಮಿಲಿಗ್ರಾಂ ಕಬ್ಬಿಣ. ಕರುಳು ಹೀರುವುದು ಅದರ ಸಣ್ಣ ಪಾಲು. ಒಂದು ಗುಳಿಗೆಯ 60 ಮಿಲಿಗ್ರಾಂ ಎದುರು ಇದು ಚಿಕ್ಕದು. ಹೆಪಟೈಟಿಸ್ ಇದೆಯೆಂದು ಪಡಿತರ ಬಿಟ್ಟು ಅರೆಹೊಟ್ಟೆ ಇರುವುದರಿಂದ ಆಗುವ ಹಾನಿ ದೊಡ್ಡದು.

ಊಟದಲ್ಲೂ ಹೀಗೆಯೇ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಶೇಂಗಾ ಹಿಂಡಿ ಇವುಗಳ ಕಬ್ಬಿಣ ಸಸ್ಯಮೂಲದ್ದು. ಜೋಳ, ಬೇಳೆಯಲ್ಲಿರುವ ಫೈಟೇಟ್ ಅದನ್ನು ಸುಲಭಕ್ಕೆ ಹೀರಲು ಬಿಡುವುದಿಲ್ಲ. ಊಟದ ಬೆನ್ನಿಗೇ ಚಹಾ ಕುಡಿದರೆ ಇನ್ನೂ ಕಡಿಮೆ, ಲಿಂಬೆ ಹಿಂಡಿಕೊಂಡರೆ ಹೆಚ್ಚು. ಕೊರತೆ ಇದ್ದವರು ಲಿಂಬೆ ಹಿಂಡಿಕೊಂಡು ಚಹಾ ಒಂದೆರಡು ತಾಸು ಮುಂದೂಡಬೇಕು. ಕಬ್ಬಿಣ ಹೆಚ್ಚಿದವರು ಊಟದ ಜೊತೆ ಚಹಾ ಕುಡಿದರೆ ತೊಂದರೆ ಇಲ್ಲ, ವಿಟಮಿನ್ ಸಿ ಗುಳಿಗೆ ಮತ್ತು ಪದೇಪದೇ ಕಲೇಜಿ ತಿನ್ನುವುದು ಬೇಡ. ಕಾಮಣಿ ಪಥ್ಯವೆಂದು ಬೇಳೆ, ಎಣ್ಣೆ ಎಲ್ಲ ಬಿಡಿಸುವುದಕ್ಕೆ ಆಧಾರವಿಲ್ಲ. ಸಿರೋಸಿಸ್ ರೋಗಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು, ನಮ್ಮ ಊಟದಲ್ಲಿ ಅದರ ದೊಡ್ಡ ಪಾಲು ಬರುವುದು ಬೇಳೆಯಿಂದಲೇ.

ಎರಡು ಹೊರೆ ಹೊತ್ತ ಮಕ್ಕಳು

ತೀವ್ರ ಥಲಸ್ಸೇಮಿಯಾ ಇರುವ ಮಕ್ಕಳಿಗೆ ಎರಡು–ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಪ್ರತಿ ಯೂನಿಟ್ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಗೆ ಹೋಗುತ್ತದೆ, ಹೊರದಾರಿ ಇಲ್ಲ. ರಕ್ತನಿಧಿಗಳಲ್ಲಿ ತಪಾಸಣೆ ಇದ್ದರೂ, ಪದೇಪದೇ ರಕ್ತ ಪಡೆಯುವವರಲ್ಲಿ ಸಿ ಸೋಂಕಿನ ಅಪಾಯ ಉಳಿದವರಿಗಿಂತ ಹೆಚ್ಚು. ಸೋಂಕು ತಗುಲಿದರೆ ರಕ್ತದಿಂದ ಬಂದ ಕಬ್ಬಿಣ, ವೈರಸ್ಸಿನ ಉರಿಯೂತ ಎರಡೂ ಒಂದೇ ಲಿವರ್ ಮೇಲೆ. ಕಬ್ಬಿಣ ಇಳಿಸಲು ಕೊಡುವ ಡೆಫೆರಾಸಿರಾಕ್ಸ್ ಗುಳಿಗೆಯೂ ಕೆಲವರಲ್ಲಿ ಎಸ್‌ಜಿಪಿಟಿ ಏರಿಸುತ್ತದೆ. ಹಾಗಾಗಿ ಇಂಥ ಮಗುವಿನ ಎಸ್‌ಜಿಪಿಟಿ ಏರಿದಾಗ ಕಾರಣ ಮೂರರಲ್ಲಿ ಯಾವುದೂ ಇರಬಹುದು. ಪಾಲಕರು ತಾವೇ ಗುಳಿಗೆ ನಿಲ್ಲಿಸಬಾರದು. ಅಂದೇ ಕೇಳಿ ಮಾಡಿಸಬೇಕಾದ ಪರೀಕ್ಷೆ ಎಚ್‌ಸಿವಿ ಆರ್‌ಎನ್‌ಎ. ಸೋಂಕು ಹೊಸದಾಗಿದ್ದರೆ ಪ್ರತಿಕಾಯ ಪರೀಕ್ಷೆ ಕೆಲವು ವಾರಗಳವರೆಗೆ ನೆಗೆಟಿವ್ ಬರಬಹುದು, ಆರ್‌ಎನ್‌ಎ ಅದಕ್ಕಿಂತ ಮೊದಲೇ ಹಿಡಿಯುತ್ತದೆ. ಫೆರಿಟಿನ್ ಪಟ್ಟಿಯನ್ನೂ ಹಿಂದಿನ ಒಂದು ವರ್ಷದ್ದು ಜೊತೆಗೆ ಒಯ್ಯಬೇಕು: ನಿಧಾನವಾಗಿ ಏರುತ್ತ ಬಂದಿದ್ದರೆ ಗುಳಿಗೆಯ ಪ್ರಮಾಣ ಸಾಲುತ್ತಿಲ್ಲ ಎಂಬ ಶಂಕೆ, ತಿಂಗಳೊಂದರಲ್ಲಿ ದಿಢೀರ್ ನೆಗೆದಿದ್ದರೆ ಸೋಂಕಿನ ಶಂಕೆ ಮೊದಲು ಬರುತ್ತದೆ.